ಚಿಪ್ಪಿಗೆ ಅಂಟಿದ ನಾಲ್ಕು ನೂರು ವರ್ಷ

ಪುಸ್ತಕದ ಕೊನೆಯ ಕರಡು ನನ್ನ ಕೈಗೆ ಬಂದದ್ದು ಅನುಬಂಧಗಳಲ್ಲಿ ಅಂಕಿ ಹೆಚ್ಚುಕಡಿಮೆಯಾಗಿಲ್ಲವೇ ಎಂದು ನೋಡಿಕೊಡಲು ಮಾತ್ರ. ಜಗತ್ ವೃತ್ತದ ಹಿಂದಿನ ಗಲ್ಲಿಯ ಮುದ್ರಣಾಲಯದವರು ವಾರದೊಳಗೆ ಅಚ್ಚಿಗೆ ಹಾಕುವ ಆತುರದಲ್ಲಿದ್ದರು. ಬಿಡುಗಡೆಗೆ ಸಭಾಂಗಣ ಗೊತ್ತಾಗಿತ್ತು, ಆಹ್ವಾನ ಪತ್ರಿಕೆ ಹಂಚಿಯಾಗಿತ್ತು. ಬೇಸಿಗೆ ಆಗಷ್ಟೇ ಚುರುಕಾಗತೊಡಗಿತ್ತು. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಫ್ಯಾನಿನ ಗಾಳಿಗೆ ಹಾರದಂತೆ ಬಟ್ಟಲುಗಳನ್ನು ಹೇರಿಟ್ಟು ಕೂತೆ.

ಪುಸ್ತಕ ನನ್ನ ಗುರುಗಳದು. ಕರಾವಳಿಯಲ್ಲಿ ನದಿಯೊಂದು ಸಮುದ್ರ ಸೇರುವ ಅಳಿವೆಯ ದಂಡೆಯ ಮೇಲೆ ಒಂದು ದಿಬ್ಬವಿದೆ. ಅದನ್ನು ಅವರು ಹಲವು ಚಳಿಗಾಲ ಅಗೆದರು. ಬಯಲುಸೀಮೆಯ ಮನುಷ್ಯ ಸಮುದ್ರದ ದಂಡೆಗೆ ಹೋಗಿ ಏನು ಅಗೆಯುತ್ತಾನೆ ಎಂದು ನಕ್ಕವರು ಆಗ ಬಹಳ ಜನ ಇದ್ದರಂತೆ. ಕೊನೆಯ ಎರಡು ಹಂಗಾಮಿನಲ್ಲಿ ನಾನೂ ವಿದ್ಯಾರ್ಥಿನಿಯಾಗಿ ಅಲ್ಲಿದ್ದೆ. ಆಮೇಲೆ ಸರ್ ನಿವೃತ್ತರಾಗಿ ಕಮಲಾಪುರದ ತಮ್ಮ ಮನೆಗೆ ಹೋದರು. ಅವರೇ ಮುಖ್ಯಸ್ಥರಾಗಿದ್ದ ಕಲಬುರಗಿಯ ಪುರಾತತ್ವ ವಿಭಾಗದಲ್ಲಿ ನಾನು ಅತಿಥಿ ಉಪನ್ಯಾಸಕಿಯಾದೆ.

ದಿಬ್ಬದಲ್ಲಿ ಎರಡು ಪದರಗಳಿದ್ದವು. ಕೆಳಗಿನ ಪದರದ ತುಂಬ ತಿಂದು ಬಿಸಾಡಿದ ಕಪ್ಪೆಚಿಪ್ಪು. ಅವುಗಳಲ್ಲಿ ಉಳಿದ ಇಂಗಾಲ ಅಳೆದು ಹೇಳುವ ರೇಡಿಯೋಕಾರ್ಬನ್ ವಯಸ್ಸು ಸಾತವಾಹನರ ಕಾಲಕ್ಕೆ ಬಿದ್ದಿತ್ತು. ಮೇಲಿನ ಪದರದ ಇದ್ದಿಲಿನ ವಯಸ್ಸು ಕದಂಬರ ಕಾಲಕ್ಕೆ ಬಿದ್ದಿತ್ತು. ನಡುವೆ ಕೆಲವು ಶತಮಾನ ಖಾಲಿ. ಆ ಖಾಲಿ ಕಾಲವೇ ಪುಸ್ತಕದ ಜೀವ. ಜನ ಊರು ಬಿಟ್ಟರು, ಬಹುಕಾಲದ ಮೇಲೆ ಬೇರೆ ಜನ ಬಂದು ನೆಲೆಸಿದರು ಎಂಬುದು ಸರ್ ಅವರ ವಾದ. ಯಾಕೆ ಬಿಟ್ಟರು ಎಂಬುದಕ್ಕೆ ಅವರು ನದಿ ಪಾತ್ರ ಬದಲಿಸಿದ್ದನ್ನು, ಉಪ್ಪುನೀರು ಮೇಲೇರಿದ್ದನ್ನು, ಜ್ವರವನ್ನು, ದಂಡಯಾತ್ರೆಯನ್ನು ಒಂದೊಂದಾಗಿ ತೂಗಿ ನೋಡಿ ಸುದೀರ್ಘ ಅಧ್ಯಾಯ ಬರೆದಿದ್ದರು.

ಅನುಬಂಧದ ಕೋಷ್ಟಕದ ಕೊನೆಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು. ಕೆಳಪದರದಲ್ಲೇ ಸಿಕ್ಕ ಒಂದು ಇದ್ದಿಲಿನ ತುಂಡು; ಅದರ ವಯಸ್ಸು ಕದಂಬರ ಕಾಲದ್ದು. ಮೇಲಿನ ಪದರದಿಂದ ಹೆಗ್ಗಣದ ಬಿಲದೊಳಗೆ ಜಾರಿ ಬಿದ್ದಿರಬೇಕೆಂದು ಸರ್ ಅದನ್ನು ಲೆಕ್ಕದಿಂದ ಬಿಟ್ಟಿದ್ದರು. ಪಕ್ಕದ ಚಿಪ್ಪಿಗೂ ಆ ಇದ್ದಿಲಿಗೂ ಇದ್ದ ಅಂತರ ಸುಮಾರು ನಾಲ್ಕು ನೂರು ವರ್ಷ.

ಆ ಅಂತರ ನೋಡಿ ನನ್ನ ಕೈ ನಿಂತಿತು. ಈ ಕೆಲಸ ಮಾಡುವ ಯಾರಿಗಾದರೂ ಅದು ಪರಿಚಯದ ಸಂಖ್ಯೆ. ನೆಲದ ಮೇಲಿನ ಮರ, ಹುಲ್ಲು, ಭತ್ತ ತಮ್ಮ ಇಂಗಾಲವನ್ನು ಗಾಳಿಯಿಂದ ಪಡೆಯುತ್ತವೆ. ಚಿಪ್ಪಿನ ಹುಳು ಸಮುದ್ರದ ನೀರಿನಿಂದ ಪಡೆಯುತ್ತದೆ. ಆ ನೀರಿನಲ್ಲಿ ಆಳದಲ್ಲಿ ನೂರಾರು ವರ್ಷ ಗಾಳಿ ಕಾಣದೆ ಕೂತಿದ್ದ ಹಳೆಯ ಇಂಗಾಲ ಬೆರೆತಿರುತ್ತದೆ. ಹೀಗಾಗಿ ಇವತ್ತು ಹಿಡಿದ ಚಿಪ್ಪನ್ನು ಇವತ್ತೇ ಅಳೆದರೂ ಅದು ಸುಮಾರು ನಾಲ್ಕು ನೂರು ವರ್ಷದಷ್ಟು ಮುದಿಯಾಗಿ ಕಾಣುತ್ತದೆ. ಈ ಸಮುದ್ರದ ಪಾಲನ್ನು ಕಳೆದ ಮೇಲೆಯೇ ಚಿಪ್ಪಿನ ನಿಜವಾದ ಕಾಲ ಹೇಳಲು ಬರುವುದು. ಎಷ್ಟು ಕಳೆಯಬೇಕೆಂಬುದು ಕಡಲಿನಿಂದ ಕಡಲಿಗೆ ಬೇರೆ. ನದಿಯ ನೀರು ಬೆರೆಯುವ ಅಳಿವೆಯಲ್ಲಿ ಇನ್ನೂ ಬೇರೆ. ಪುಸ್ತಕದಲ್ಲಿ ಚಿಪ್ಪಿನ ವಯಸ್ಸನ್ನು ಮರದ ವಯಸ್ಸಿನ ಹಾಗೆಯೇ ಲೆಕ್ಕ ಹಾಕಲಾಗಿತ್ತು. ಸಮುದ್ರದ ಪಾಲು ಹಾಗೆಯೇ ಉಳಿದಿತ್ತು.

ಅದನ್ನು ಕಳೆದರೆ ಕೆಳಪದರವೂ ಕದಂಬರ ಕಾಲಕ್ಕೇ ಬರುತ್ತಿತ್ತು. ಖಾಲಿ ಕಾಲವೇ ಇರುತ್ತಿರಲಿಲ್ಲ.

ಮರುದಿನ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಹಿಂದಿನ ವರ್ಷವಷ್ಟೇ ಸರ್‌ಗೆ ಹೃದಯಾಘಾತವಾಗಿತ್ತು. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಅವರು ಮಲಗಿದ್ದಾಗ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಮನಸ್ಸಿಗೆ ಆಘಾತವಾಗುವಂಥದ್ದು ಯಾವುದೂ ಬೇಡವೆಂದು ವೈದ್ಯರು ಹೇಳಿದ್ದು ನೆನಪಿದೆಯಲ್ಲ ಎಂದು ಮುಖ್ಯಸ್ಥರು ಕೇಳಿದರು. ಪುಸ್ತಕ ಬರಲಿ, ತಿದ್ದುಪಡಿಯನ್ನು ಮುಂದೊಂದು ದಿನ ಪ್ರಬಂಧವಾಗಿ ಬರೆ, ವಿದ್ವಾಂಸರ ನಡುವೆ ಅದೇ ರೂಢಿ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಮುಂದಿನ ವರ್ಷ ನನ್ನನ್ನು ಮತ್ತೆ ತೆಗೆದುಕೊಳ್ಳುವುದು ಬಿಡುವುದು ಅವರ ಸಹಿಯ ಮೇಲಿತ್ತು. ಅದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕಮಲಾಪುರದ ಬಸ್ಸು ಹತ್ತಿದಾಗಲೂ ಸರ್ ಮುಂದೆ ಬಾಯಿ ತೆರೆಯುತ್ತೇನೋ ಇಲ್ಲವೋ ನನಗೇ ಖಾತ್ರಿ ಇರಲಿಲ್ಲ. ಇಳಿದು, ರಸ್ತೆ ಬದಿಯಲ್ಲಿ ಕೆಂಪು ಬಾಳೆಯ ಗೊನೆ ನೇತುಹಾಕಿಕೊಂಡು ಕೂತವರ ಹತ್ತಿರ ಒಂದಿಷ್ಟು ಹಣ್ಣು ಕೊಂಡು ನಡೆದೆ. ಬಾಗಿಲಲ್ಲಿ ಸಿಕ್ಕವರು ಕಾಕು, ಸರ್ ಅವರ ಹೆಂಡತಿ. ನನ್ನ ಮುಖ ನೋಡಿಯೇ ಏನೋ ಇದೆ ಎಂದು ಅವರಿಗೆ ಗೊತ್ತಾಯಿತು. ಒಳಗೆ ಸರ್ ಪೇಪರ್ ಓದುತ್ತಿದ್ದರು. ಕಾಕು ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು. ಪುಸ್ತಕದಲ್ಲಿ ದೊಡ್ಡ ತಪ್ಪೊಂದು ಇರಬಹುದು, ಹೇಳಿದರೆ ಅವರ ಜೀವಕ್ಕೆ ಏನಾದರೂ ಆದೀತೆಂಬ ಹೆದರಿಕೆ ಎಂದೆ.

ಕಾಕು ಸ್ವಲ್ಪ ಹೊತ್ತು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆಮೇಲೆ ಹೇಳಿದರು: "ಡಾಕ್ಟರ್ ಹೇಳ್ಯಾರಂತ ನಾ ಅಡಗಿಯೊಳಗ ಉಪ್ಪು ಕಡಿಮಿ ಮಾಡೀನಿ. ಖರೆ ಮಾತು ಕಡಿಮಿ ಮಾಡ್ರಿ ಅಂತ ಅವರೇನೂ ಹೇಳಿಲ್ಲ. ಹೋಗು, ಹೇಳು."

ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ದನಿ ಏರಲಿಲ್ಲ.

"ಸಮುದ್ರದ ಪಾಲು ತೆಗೀಬೇಕು ಅನ್ನೋದು ನಂಗ ಗೊತ್ತಿದ್ದಿಲ್ಲಂತ ತಿಳದೀ ಏನವಾ?"

"ಹಂಗಲ್ಲರಿ ಸರ್."

"ಮತ್ತ? ಕೇಳು. ಚಿಪ್ಪಿನೊಳಗ ಭಾರದ ಇಂಗಾಲ, ವಯಸ್ಸು ಅಳಿಯೋದೂ ಅದೇ, ಜಾಸ್ತಿ ಕೂಡ್ತದ. ಅದನ್ನ ಲ್ಯಾಬಿನವರು ಸರಿದೂಗಿಸಲಿಲ್ಲಂದ್ರ ಚಿಪ್ಪು ನಾಕ್ನೂರು ವರ್ಷ ಎಳೀದಾಗಿ ಕಾಣ್ತದ. ಸಮುದ್ರ ನಾಕ್ನೂರು ಏರಸ್ತದ, ಇದು ನಾಕ್ನೂರು ಇಳಸ್ತದ. ಎರಡೂ ಹೊಡದು ಹೋಗ್ತಾವ. ಆವಾಗ ಎಲ್ಲಾರೂ ಹಂಗೇ ಬಿಡ್ತಿದ್ರು."

ನಾನು ತಬ್ಬಿಬ್ಬಾದೆ. ಅವರು ಹೇಳಿದ್ದು ಸುಳ್ಳಲ್ಲ. ಹಳೆಯ ಕಾಲದ ಕೆಲವು ಪ್ರಯೋಗಾಲಯಗಳು ಆ ಸರಿದೂಗಿಸುವ ಕೆಲಸ ಮಾಡದೆಯೇ ವಯಸ್ಸು ಕೊಡುತ್ತಿದ್ದವು. ಅಂಥ ವಯಸ್ಸಾದರೆ ಸರ್ ಬಿಟ್ಟದ್ದೇ ಸರಿ. ನಾನು ಮತ್ತೆ ನಾಲ್ಕು ನೂರು ಕಳೆದರೆ ತಪ್ಪು ನನ್ನದಾಗುತ್ತದೆ. ಪ್ರಯೋಗಾಲಯ ಮೊದಲೇ ಸರಿದೂಗಿಸಿ ಕೊಟ್ಟಿದ್ದರೆ ಮಾತ್ರ ಸರ್ ಲೆಕ್ಕ ತಪ್ಪು. ಎಲ್ಲವೂ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

"ಅವರು ಸರಿದೂಗಿಸಿದ್ರೋ ಇಲ್ಲೋ ಖಾತ್ರಿ ಮಾಡಿಕೊಂಡು ಬಾ," ಎಂದು ಸರ್ ಪೇಪರ್ ಎತ್ತಿಕೊಂಡರು. ನಾನು ತಂದ ಹಣ್ಣಿನ ಕಡೆ ನೋಡಲೂ ಇಲ್ಲ.

ನಮ್ಮ ಚಿಪ್ಪುಗಳನ್ನು ಅಳೆದ ಪ್ರಯೋಗಾಲಯ ಈಗಿಲ್ಲ. ಅದರ ಯಂತ್ರಗಳು ಒಂದು ಕಡೆ, ಜನ ಒಂದು ಕಡೆ ಹಂಚಿಹೋಗಿದ್ದರು. ವಿಭಾಗದ ಪಾಠದ ನಡುನಡುವೆ ಊರೂರಿಗೆ ಫೋನ್ ಹಚ್ಚಿದೆ. ಕೊನೆಗೆ ಅಲ್ಲಿ ಕೆಲಸ ಮಾಡಿದ್ದ ನಿವೃತ್ತ ವಿಜ್ಞಾನಿಯೊಬ್ಬರು ಸಿಕ್ಕರು. ನಮ್ಮ ಮಾದರಿಗಳು ಹೋದ ಸುಮಾರಿನಲ್ಲೇ ಅವರು ಹಳೆಯ ಪದ್ಧತಿ ಬಿಟ್ಟು ಹೊಸದಕ್ಕೆ ಹೊರಳುತ್ತಿದ್ದರಂತೆ. ಯಾವುದು ಆಚೆ, ಯಾವುದು ಈಚೆ ಎಂದು ಈಗ ಹೇಳಲು ಸಾಧ್ಯವಿಲ್ಲವೆಂದು ಅವರು ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದರು. ಫೋನ್ ಇಡುವ ಮುಂಚೆ ಒಂದು ಮಾತು ಸೇರಿಸಿದರು: ಒಂದೇ ಗಳಿಗೆಯಲ್ಲಿ ಸತ್ತ ಚಿಪ್ಪು ಮತ್ತು ಕಾಳು ಒಟ್ಟಿಗೆ ಸಿಕ್ಕರೆ ಎರಡನ್ನೂ ಹೊಸದಾಗಿ ಅಳೆಸಿ, ನಡುವಿನ ಅಂತರವೇ ನಿಮ್ಮ ಅಳಿವೆಯ ಪಾಲು, ಹಳೆಯ ಕಾಗದಗಳ ಹಂಗೇ ಬೇಡ.

ಕಾಳೇ ಯಾಕೆಂದರೆ, ಮರ ನೂರಿನ್ನೂರು ವರ್ಷ ಬದುಕಿರಬಹುದು, ಅದರ ತಿರುಳು ಸುಡುವ ಹೊತ್ತಿಗಾಗಲೇ ಹಳೆಯದಾಗಿರುತ್ತದೆ. ಅಕ್ಕಿ ಒಂದೇ ಹಂಗಾಮಿನ ಬೆಳೆ. ಬೆಂದ ಅಕ್ಕಿಯೂ ಅದರ ಜೊತೆ ಬೆಂದ ಚಿಪ್ಪೂ ಒಂದೇ ಊಟದವು.

ಅಂಥ ಜೋಡಿ ಎಲ್ಲಿ ಸಿಗಬಹುದೆಂದು ನನಗೆ ಗೊತ್ತಿತ್ತು. ಅದು ಸರ್ ಮನೆಯ ಪಡಸಾಲೆಯಲ್ಲಿತ್ತು.

ಕೊನೆಯ ಹಂಗಾಮಿನಲ್ಲಿ ಕೆಳಪದರದಲ್ಲಿ ಮೂರು ಕಲ್ಲಿನ ಒಂದು ಒಲೆ ಸಿಕ್ಕಿತ್ತು, ಬೂದಿ, ಇದ್ದಿಲು, ಚಿಪ್ಪು ಎಲ್ಲ ಇದ್ದ ಹಾಗೆಯೇ. ಅದನ್ನು ಸರ್ ಅಗೆಯಲು ಬಿಡಲಿಲ್ಲ. ಸುತ್ತ ಮಣ್ಣು ಕಡಿದು, ಮರದ ಚೌಕಟ್ಟು ಕೂರಿಸಿ, ಪ್ಲಾಸ್ಟರ್ ಸುರಿದು, ಇಡೀ ಒಲೆಯನ್ನು ಒಂದೇ ಗಡ್ಡೆಯಾಗಿ ಎತ್ತಿಸಿದ್ದರು. ಲಾರಿಯಲ್ಲಿ ಅದರ ಪಕ್ಕದಲ್ಲೇ ಕೂತು ಘಟ್ಟ ಹತ್ತಿಸಿಕೊಂಡು ಬಂದರು. ವಿಭಾಗದ ಉಗ್ರಾಣ ಕೆಡವುವಾಗ ಇಡಲು ಜಾಗವಿಲ್ಲವೆಂದು, ಒಪ್ಪಿಗೆ ಪಡೆದು ಮನೆಗೆ ತಂದಿದ್ದರು. ಮುಂದೆ ವಸ್ತುಸಂಗ್ರಹಾಲಯಕ್ಕೆ ಕೊಡುವುದಿತ್ತು. ಕರಾವಳಿಯಲ್ಲಿ ಅಷ್ಟು ಹಳೆಯ ಒಲೆ ಇಡಿಯಾಗಿ ಉಳಿದದ್ದು ಅವರಿಗೆ ಗೊತ್ತಿದ್ದಂತೆ ಅದೊಂದೇ.

ಎರಡನೆಯ ಸಲ ಹೋದಾಗ, ಒಲೆಯಿಂದ ಮಾದರಿ ತೆಗೆಯುವ ನನ್ನ ಮಾತು ಮುಗಿಯುವ ಮುಂಚೆಯೇ ಸರ್ ಎದ್ದು ಹಿತ್ತಲಿಗೆ ಹೋದರು. ಕಾಕು ಚಹಾ ತಂದಿಟ್ಟು ಅವರೂ ಹಿಂದೆಯೇ ಹೋದರು. ನಾನು ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಆ ಗಡ್ಡೆಯ ಎದುರು ಒಬ್ಬಳೇ ಕೂತೆ. ಸರ್ ವಾಪಸು ಬರಲಿಲ್ಲ. ಚಹಾ ಆರಿತು. ಬಸ್ಸಿಗೆ ಹೊತ್ತಾಯಿತೆಂದು ಕಾಕುಗೆ ಹೇಳಿ ಹೊರಟೆ.

ಮುಂದಿನ ಎರಡು ದಿನ ನಾನು ಏನು ಪಾಠ ಮಾಡಿದೆನೆಂದು ನನಗೇ ತಿಳಿಯದು. ಮುದ್ರಣಾಲಯದಿಂದ ಫೋನ್ ಬರುತ್ತಿತ್ತು. ಮುಖ್ಯಸ್ಥರು ಎದುರಾದಾಗ ಕರಡು ಎಲ್ಲಿ ಎಂದು ಕೇಳುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ, ಸ್ಟೋವಿನ ಮೇಲೆ ರೊಟ್ಟಿ ಇದ್ದಾಗ, ಸರ್ ಫೋನ್ ಬಂತು. ಅಚ್ಚಿನವರಿಗೆ ತಾವೇ ನಿಲ್ಲಿಸಲು ಹೇಳಿರುವುದಾಗಿ ತಿಳಿಸಿದರು. ಗಡ್ಡೆಯ ಪೂರ್ವದ ಮೂಲೆಯಲ್ಲಿ ಒಂದು ಅಂಗೈಯಗಲ ಮಾತ್ರ, ಒಲೆಯ ಕಲ್ಲು ಅಲುಗಬಾರದು ಎಂದು ಷರತ್ತು ಹಾಕಿದರು. ರೊಟ್ಟಿ ಸೀದು ಹೋಯಿತು.

ಹೋಗುವಾಗ ಅಲ್ಯೂಮಿನಿಯಂ ಹಾಳೆ, ಹೊಸ ಬ್ರಷ್‌ಗಳು, ಗಾಜಿನ ಸೀಸೆ, ಕೈಗವಸು, ಆಸ್ಪತ್ರೆಯಲ್ಲಿ ಬಳಸುವ ಸಣ್ಣ ಚಾಕು ಒಯ್ದೆ. ನನ್ನ ದೊಡ್ಡ ಹೆದರಿಕೆ ಅವರ ಮನೆಯ ನೆಲದ್ದೇ. ನಮ್ಮ ಕಡೆಯ ಎಲ್ಲ ಹಳೆಯ ಮನೆಗಳಂತೆ ಅದು ಶಹಾಬಾದ್ ಕಲ್ಲಿನ ಹಾಸು. ಆ ಕಲ್ಲು ಸುಣ್ಣದ್ದು, ಅದರಲ್ಲಿರುವುದು ಕೋಟ್ಯಂತರ ವರ್ಷದ ಹಿಂದಿನ ಸತ್ತ ಇಂಗಾಲ. ಅದರ ಧೂಳು ಮಾದರಿಗೆ ಸೇರಿದರೆ ಚಿಪ್ಪು ಮತ್ತಷ್ಟು ಮುದಿಯಾಗಿ ಕಾಣುತ್ತದೆ. ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿದೆವು. ಕಿಟಕಿ ಮುಚ್ಚಿದೆವು. ಅಕ್ಕಿ ಕಾಳು ಹಾರೀತೆಂದು ಫ್ಯಾನ್ ಆರಿಸಿದೆವು. ಕಾಕು ಹಣೆಯ ಬೆವರು ಒರೆಸಿಕೊಳ್ಳಲು ಹಸಿ ಬಟ್ಟೆ ಕೊಟ್ಟು, ಬೆವರು ಬಿದ್ದರೂ ಕೆಡುತ್ತದೇನು ಎಂದು ಕೇಳಿದರು. ಕೆಡುತ್ತದೆ ಎಂದೆ. ಆಮೇಲೆ ಅವರು ನನ್ನ ಪಕ್ಕದಲ್ಲೇ ನಿಂತು, ಹನಿ ಜಾರುವ ಮುಂಚೆ ತಾವೇ ಒರೆಸುತ್ತಿದ್ದರು.

ಪ್ಲಾಸ್ಟರ್ ಕೊರೆದು ಮೂಲೆ ಬಿಡಿಸಿದೆ. ಬೂದಿಮಣ್ಣು ಪುಡಿಪುಡಿಯಾಗಿ ಬಂತು. ಒಂದೊಂದು ಚಿಟಿಕೆಯನ್ನೂ ಜರಡಿಗೆ ಹಾಕಿ ನೋಡಿದೆ. ಚಿಪ್ಪುಗಳಿದ್ದವು. ಸುಟ್ಟು ಕರಕಾದ ಅಕ್ಕಿಯೂ ಇತ್ತು, ಆಕಾರ ಕೆಡದೆ. ಸರ್ ಕುರ್ಚಿಯಲ್ಲಿ ಮುಂದೆ ಬಾಗಿ ಕೂತು ನೋಡುತ್ತಿದ್ದರು. ಸಂಜೆಯ ಬಸ್ಸಿಗೆ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ಕಲಬುರಗಿಗೆ ಬಂದಾಗ ಅರ್ಧ ಕೆಲಸ ಮುಗಿಯಿತೆಂದೇ ನಾನು ನಂಬಿದ್ದೆ.

ಮುಗಿದಿರಲಿಲ್ಲ. ಚಿಪ್ಪನ್ನು ಕಳಿಸುವ ಮುಂಚೆ ಒಂದು ಪರೀಕ್ಷೆ ಆಗಬೇಕು. ಚಿಪ್ಪು ಹುಟ್ಟಿದಾಗಿನ ಹರಳಿನ ರೂಪದಲ್ಲೇ ಉಳಿದಿದ್ದರೆ ಮಾತ್ರ ಅದರ ಇಂಗಾಲ ಅದರದೇ. ಬೆಂಕಿಗೆ ಕಾದಿದ್ದರೆ, ಇಲ್ಲವೆ ಮಣ್ಣಿನ ನೀರು ಹೀರಿ ಮಾರ್ಪಟ್ಟಿದ್ದರೆ, ಹೊರಗಿನ ಇಂಗಾಲ ಒಳಸೇರಿರಬಹುದು. ಸೇಡಂ ರಸ್ತೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಗೆಳತಿ ಇದ್ದಾಳೆ. ಅವಳು ಬೆಳ್ಳಿಯ ಲವಣದ ಒಂದು ದ್ರಾವಣ ಮಾಡಿಕೊಟ್ಟಳು. ಮೂಲ ರೂಪದ ಚಿಪ್ಪು ಅದರಲ್ಲಿ ಕಪ್ಪಾಗಬೇಕು. ಕೆಟ್ಟದ್ದು ಬಿಳಿಯಾಗೇ ಉಳಿಯುತ್ತದೆ.

ಮೊದಲನೆಯ ಚೂರು ಹಾಕಿ ಕಾದೆವು. ಬಿಳಿ. ಎರಡನೆಯದೂ ಬಿಳಿ. ದ್ರಾವಣವೇ ಕೆಟ್ಟಿರಬಹುದೆಂದು ಮೀನು ಮಾರುಕಟ್ಟೆಯಿಂದ ತರಿಸಿದ ಹೊಸ ಚಿಪ್ಪಿನ ಚೂರು ಹಾಕಿದಳು. ಅದು ನೋಡನೋಡುತ್ತಲೇ ಕಪ್ಪಾಯಿತು. ಹಾಗಾದರೆ ದ್ರಾವಣ ಸರಿಯಾಗಿದೆ. ನಮ್ಮ ಸೀಸೆಯಲ್ಲಿದ್ದ ಚಿಪ್ಪುಗಳನ್ನೆಲ್ಲ ಒಂದೊಂದಾಗಿ ಹಾಕಿದೆವು. ಒಂದೂ ಕಪ್ಪಾಗಲಿಲ್ಲ. ಒಲೆಯ ಬಾಯಿ ಪೂರ್ವಕ್ಕಿತ್ತೆಂದು ಆಗ ಹೊಳೆಯಿತು. ಉರಿ ಹೊರಗೆ ನಾಲಗೆ ಚಾಚುತ್ತಿದ್ದ ಕಡೆಯೇ ನಾವು ಕೊರೆದಿದ್ದೆವು. ಆ ಚಿಪ್ಪುಗಳೆಲ್ಲ ಕಾದು ಕೆಟ್ಟವು.

ಕೆಡದ ಚಿಪ್ಪು ಇದ್ದರೆ ಅದು ಇರಬಹುದಾದ ಜಾಗ ಒಂದೇ: ಕಲ್ಲುಗಳ ಹಿಂದೆ, ಬುಡದಲ್ಲಿ, ಕಾವು ತಾಗದ ಸಂದಿಯಲ್ಲಿ. ಅಲ್ಲಿಗೆ ಹೋಗಬೇಕೆಂದರೆ ಕಲ್ಲು ಎತ್ತಬೇಕು. ಕಲ್ಲು ಎತ್ತಿದರೆ ಒಲೆ ಉಳಿಯುವುದಿಲ್ಲ. ಎತ್ತಿದ ಮೇಲೂ ಏನೂ ಸಿಗದೆ ಹೋಗಬಹುದು.

ಮುಖ್ಯಸ್ಥರಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಅಚ್ಚು ನಿಲ್ಲಿಸಿದ್ದಕ್ಕೆ ಅವರು ಮೊದಲೇ ಕುದಿಯುತ್ತಿದ್ದರು. ಆಹ್ವಾನಿತರಿಗೆಲ್ಲ ಸಮಾರಂಭ ಮುಂದಕ್ಕೆ ಹೋಗಿದೆ ಎಂದು ಹೇಳುವ ಪಾಡು ಅವರದಾಗಿತ್ತು. ಒಂದು ಸಂಶಯಕ್ಕಾಗಿ ಮತ್ತೆ ಸಿಗದಂಥ ವಸ್ತುವನ್ನು ಒಡೆಯುತ್ತೀರಾ, ಒಡೆದ ಮೇಲೆ ಏನೂ ತಿಳಿಯದಿದ್ದರೆ ಯಾರು ಉತ್ತರ ಕೊಡುತ್ತೀರಿ ಎಂದು ಕೇಳಿದರು. ಒಡೆಯದೆ ಪುಸ್ತಕ ಅಚ್ಚಾದರೆ ಯಾರು ಉತ್ತರ ಕೊಡುತ್ತೀರಿ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿತ್ತು. ಸಂಗ್ರಹದ ವಸ್ತು ವಿಭಾಗದ್ದು, ಲಿಖಿತ ಒಪ್ಪಿಗೆ ಬೇಕು ಎಂದರು. ಮನವಿ ಬರೆದುಕೊಟ್ಟೆ. ಅವರು ಅದನ್ನು ದಿಟ್ಟಿಸಿ ನೋಡಿ, ಸರ್ ಒಪ್ಪಿದರೆ ಮಾತ್ರ ಎಂದು ಬರೆದು ಸಹಿ ಮಾಡಿದರು.

ನಾಲ್ಕನೆಯ ಸಲ ಕಮಲಾಪುರಕ್ಕೆ ಹೋದಾಗ ನಾನು ಬೇಡಿಕೊಳ್ಳಲಿಲ್ಲ. ಬಿಳಿ ಚೂರುಗಳನ್ನೂ, ಮಾರುಕಟ್ಟೆಯ ಚಿಪ್ಪಿನ ಕಪ್ಪು ಚೂರನ್ನೂ ಅವರ ಎದುರು ಒಂದು ತಟ್ಟೆಯಲ್ಲಿಟ್ಟೆ. ಒಲೆ ಬಿಚ್ಚಿದರೆ ಸಿಗಬಹುದು, ಸಿಗದೆಯೂ ಇರಬಹುದು, ನನಗೆ ಗೊತ್ತಿಲ್ಲ ಎಂದು ಹೇಳಿದೆ. ಸರ್ ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿಯ ತೋಳು ಮೇಲೇರಿಸಿದರು.

"ಚಾಕು ಇಲ್ಲಿ ತಾ," ಎಂದರು. "ಎತ್ತಿದಾವ ನಾನು. ಬಿಚ್ಚಾವನೂ ನಾನೇ."

ಕಾಕು ಸರ್ ಅವರ ಮಾತ್ರೆಯ ಡಬ್ಬಿ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ನಿಂತರು.

ಸರ್ ಅಗೆತದಲ್ಲಿ ನಮಗೆ ಕಲಿಸುತ್ತಿದ್ದ ಹಾಗೆಯೇ, ಕಲ್ಲಿನ ಸುತ್ತ ಬೂದಿಯನ್ನು ಎಳೆಎಳೆಯಾಗಿ ಸವರಿ ತೆಗೆದರು. ಪ್ರತಿ ಪದರ ಸರಿದಾಗಲೂ ನಿಲ್ಲಿಸಿ ನನಗೆ ಚಿತ್ರ ತೆಗೆಯಲು ಹೇಳಿದರು. ಮೊದಲ ಕಲ್ಲು ಎತ್ತಿದಾಗ ಅಡಿಯಲ್ಲಿ ಬರೀ ಕೆಂಪು ಸುಟ್ಟ ಮಣ್ಣು. ಎರಡನೆಯದರ ಅಡಿಯಲ್ಲೂ ಅದೇ. ಸೆಕೆಗೆ ಉಸಿರು ಕಟ್ಟುತ್ತಿತ್ತು. ಸರ್ ಒಂದು ಕ್ಷಣ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ನಾನು ನಿಲ್ಲಿಸೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿ ನೀರು ಕುಡಿದು ಮತ್ತೆ ಬಾಗಿದರು.

ಮೂರನೆಯ ಕಲ್ಲು ಪಶ್ಚಿಮದ್ದು, ಮೂರರಲ್ಲೂ ದೊಡ್ಡದು. ಅದರ ಬುಡದಲ್ಲಿ ಹಸಿಮಣ್ಣು ಮೆತ್ತಿದ್ದರು, ಕಲ್ಲು ಅಲುಗದಿರಲೆಂದು. ಆ ಮಣ್ಣಿಗೂ ಕಲ್ಲಿಗೂ ನಡುವಿನ ಸಂದಿಯಲ್ಲಿ ಎರಡು ಹೋಳೂ ಕೂಡಿಕೊಂಡೇ ಇದ್ದ ಒಂದು ಕಪ್ಪೆಚಿಪ್ಪು ಸಿಕ್ಕಿಕೊಂಡಿತ್ತು. ದಂಡೆಯಲ್ಲಿ ಬಿದ್ದ ಸತ್ತ ಚಿಪ್ಪಾದರೆ ಹೋಳುಗಳು ಬೇರೆಯಾಗಿರುತ್ತವೆ. ಇದು ಜೀವಂತ ಬಂದದ್ದು. ಪಾತ್ರೆಗೆ ಹಾಕುವಾಗ ಕೈತಪ್ಪಿ ಹಿಂದೆ ಬಿದ್ದಿರಬೇಕು. ಅದರ ಪಕ್ಕದಲ್ಲಿ, ಅದೇ ಬೂದಿಯಲ್ಲಿ, ಕರಕಾದ ಅಕ್ಕಿ ಕಾಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಕ್ಕಿ ಉರಿಗೆ ಚೆಲ್ಲಿ, ಬೂದಿಯ ಜೊತೆ ಹಿಂದಕ್ಕೆ ಸರಿದ ಅನ್ನ ಎಂದು ಕಾಕು ಹೇಳಿದರು.

ಮರುದಿನ ಚಿಪ್ಪಿನ ಅಂಚಿನ ಒಂದು ಚೂರನ್ನು ಗೆಳತಿ ದ್ರಾವಣಕ್ಕೆ ಹಾಕಿದಳು. ನಾನು ನೋಡಲಾರದೆ ಕಿಟಕಿಯ ಹೊರಗೆ ಸೇಡಂ ರಸ್ತೆಯ ವಾಹನಗಳ ಕಡೆ ತಿರುಗಿ ನಿಂತೆ. ಅವಳು ನನ್ನ ಭುಜ ಮುಟ್ಟಿದಳು. ಚೂರು ಮಸಿಯ ಹಾಗೆ ಕಪ್ಪಾಗಿತ್ತು.

ಚಿಪ್ಪಿನ ಹೊರಮೈಯನ್ನು ಆಮ್ಲದಲ್ಲಿ ಕರಗಿಸಿ, ಕಾಳನ್ನು ಆಮ್ಲ ಕ್ಷಾರಗಳಲ್ಲಿ ತೊಳೆದು ಅಳೆಯುವ ಕೆಲಸ ದೂರದ ಒಂದು ಪ್ರಯೋಗಾಲಯದ್ದು. ಯಾವುದು ಯಾವ ಕಾಲದ್ದಿರಬಹುದೆಂಬ ಸುಳಿವನ್ನು ಅವರಿಗೆ ಕೊಡಬಾರದೆಂದು ಸರ್ ಹೇಳಿದರು. ಕೊಡಲಿಲ್ಲ. ಒಂದು ವಾರಕ್ಕೆ ಅಲ್ಲಿಂದ ಕೆಟ್ಟ ಸುದ್ದಿ ಬಂತು. ತೊಳೆಯುವಾಗ ಕ್ಷಾರದಲ್ಲಿ ಅಕ್ಕಿಯ ಮೊದಲ ಭಾಗ ಪೂರ್ತಿ ಕರಗಿಹೋಗಿತ್ತು. ಉಳಿದದ್ದನ್ನು ಕಡಿಮೆ ತೀಕ್ಷ್ಣತೆಯಲ್ಲಿ ತೊಳೆಯುವುದಾಗಿಯೂ, ಅಳತೆಗೆ ಸಾಕಾಗುವಷ್ಟು ಉಳಿಯುವ ಭರವಸೆ ಇಲ್ಲವೆಂದೂ ಬರೆದಿದ್ದರು. ಅದನ್ನು ಸರ್‌ಗೆ ಹೇಳಿದೆ. ಆಗಲಿ, ಅವರ ಕೆಲಸ ಅವರು ಮಾಡಲಿ ಎಂದರು.

ಆ ದಿನಗಳಲ್ಲಿ ಅವರು ದಿನಾ ಫೋನ್ ಮಾಡುತ್ತಿದ್ದರು. ಫಲಿತಾಂಶ ಬಂತೇ ಎಂದು ಒಮ್ಮೆಯೂ ಕೇಳಲಿಲ್ಲ. ಬಿಸಿಲು ಹೇಗಿದೆ, ಮಕ್ಕಳ ಪರೀಕ್ಷೆ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತಿದ್ದರು.

ಫಲಿತಾಂಶ ಬಂದಾಗ ನಾನು ಬಸ್ ನಿಲ್ದಾಣದಲ್ಲಿದ್ದೆ. ಬೇರೆ ಊರಿಗೆ ಹೊರಟವಳು ಅಲ್ಲಿಂದಲೇ ಕಮಲಾಪುರದ ಬಸ್ಸು ಹತ್ತಿದೆ. ಕೂತಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ನಂಬಿಕೆ ಬರದೆ ಟಿಕೆಟ್ಟಿನ ಬೆನ್ನ ಮೇಲೆ ಮತ್ತೊಮ್ಮೆ ಹಾಕಿದೆ.

ಸರ್ ಪಡಸಾಲೆಯಲ್ಲೇ ಇದ್ದರು. ಬಿಚ್ಚಿದ ಒಲೆಯ ಕಲ್ಲುಗಳು ಇನ್ನೂ ಪ್ಲಾಸ್ಟಿಕ್ಕಿನ ಮೇಲಿದ್ದವು. ನಾನು ಬಾಯಲ್ಲಿ ಹೇಳದೆ ಎರಡು ವಯಸ್ಸುಗಳನ್ನೂ ಬರೆದು ಅವರ ಕೈಗೆ ಕೊಟ್ಟೆ. ಒಂದೇ ಊಟದ ಅಕ್ಕಿಗಿಂತ ಚಿಪ್ಪು ನಾಲ್ಕು ನೂರಕ್ಕೆ ತುಸು ಕಡಿಮೆ ವರ್ಷದಷ್ಟು ಹೆಚ್ಚು ಮುದಿಯಾಗಿ ಕಂಡಿತ್ತು. ಅದು ನಮ್ಮ ಅಳಿವೆಯ ಪಾಲು. ಅಕ್ಕಿಯ ವಯಸ್ಸು, ಸರ್ ಹೆಗ್ಗಣದ ಬಿಲದ್ದೆಂದು ಬಿಟ್ಟಿದ್ದ ಇದ್ದಿಲಿನ ವಯಸ್ಸಿಗೆ ಹೊಂದುತ್ತಿತ್ತು. ಒಲೆಯ ಚಿಪ್ಪಿಗೆ ಈಗ ಬಂದ ವಯಸ್ಸು, ಹಳೆಯ ಪ್ರಯೋಗಾಲಯ ಕೊಟ್ಟಿದ್ದ ಚಿಪ್ಪುಗಳ ವಯಸ್ಸಿಗೆ ಹೊಂದುತ್ತಿತ್ತು. ಅಂದರೆ ಈಗಿನವರಂತೆ ಹಳೆಯ ಪ್ರಯೋಗಾಲಯದವರೂ ಮೊದಲೇ ಸರಿದೂಗಿಸಿಯೇ ಕೊಟ್ಟಿದ್ದರು. ಸಮುದ್ರದ ನಾಲ್ಕು ನೂರನ್ನು ಹೊಡೆದುಹಾಕಲು ಎದುರಿಗೆ ಏನೂ ಇರಲಿಲ್ಲ.

ಸರ್ ಪೆನ್ನು ತೆಗೆದುಕೊಂಡು ತಾವೇ ಲೆಕ್ಕ ಮಾಡಿದರು. ಕೆಳಪದರದ ಒಂದೊಂದು ಚಿಪ್ಪಿನಿಂದಲೂ ಆ ಪಾಲನ್ನು ಕಳೆದು ಪಕ್ಕದಲ್ಲಿ ಬರೆಯುತ್ತ ಹೋದರು. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಸರ್ ಮುಖವನ್ನೇ ನೋಡುತ್ತಿದ್ದೆ, ಬಣ್ಣ ಇಳಿಯುತ್ತದೆಯೇ, ಬೆವರುತ್ತಾರೆಯೇ ಎಂದು. ಕೊನೆಯದನ್ನು ಬರೆದು ಪೆನ್ನು ಇಟ್ಟರು.

"ಹಂಗಾದ್ರ ನಡುವಿನ ಆ ಖಾಲಿ ಕಾಲ?"

"ಇಲ್ಲರಿ ಸರ್. ಕೆಳಗಿನ ಪದರ ಮುಗಿಯೋದಕ್ಕೂ ಮ್ಯಾಲಿಂದು ಸುರು ಆಗೋದಕ್ಕೂ ಜಾಗಾನೇ ಉಳದಿಲ್ಲ."

ಅವರು ಗೋಡೆಗೆ ಒರಗಿದರು. ಎರಡು ಪದರಗಳ ನಡುವೆ ಗಾಳಿ ತಂದ ಮರಳು ಒಂದು ಬೆರಳಿನಷ್ಟೂ ಇಲ್ಲವಲ್ಲ ಎಂದು ಅಗೆತದ ದಿನಗಳಲ್ಲೇ ತಮಗೆ ಕಸಿವಿಸಿಯಾಗಿತ್ತು ಎಂದು ನಿಧಾನವಾಗಿ ಹೇಳಿದರು. ಆ ಜನ ಎಲ್ಲಿಗೆ ಹೋಗಿರಬಹುದೆಂದು ಹುಡುಕಿ ನದಿಯುದ್ದಕ್ಕೂ ಮೇಲಿನ ಊರುಗಳನ್ನೆಲ್ಲ ನಡೆದಿದ್ದರಂತೆ. ಒಂದು ಮಳೆಗಾಲದ ರಜೆ ಪೂರ್ತಿ ಅದಕ್ಕೇ ಹೋಯಿತು ಎಂದು ಕಾಕು ಬಾಗಿಲಿನಿಂದಲೇ ಸೇರಿಸಿದರು.

"ಎಲ್ಲಿಗೂ ಹೋಗಿದ್ದಿಲ್ಲ ನೋಡು ಅವರು," ಎಂದರು ಸರ್, ಹೆಂಡತಿಯ ಕಡೆ ತಿರುಗಿ. "ಅಲ್ಲೇ ಇದ್ರು. ಅನ್ನಾ ಮಾಡಿಕೊಂಡು ಅಲ್ಲೇ ಇದ್ರು."

ಅವರ ಮುಖದ ಮೇಲೆ ಬಂದದ್ದು ನೋವೋ ಸಮಾಧಾನವೋ ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಕಣ್ಣು ಒದ್ದೆಯಾಗಿದ್ದವು. ಉಸಿರು ಮಾತ್ರ ಸರಾಗವಾಗಿತ್ತು. ಅಷ್ಟು ಸಾಕಿತ್ತು ನನಗೆ.

ಊಟ ಮಾಡಿದೆವು. ಆಮೇಲೆ ಅವರು ಆ ದೊಡ್ಡ ಅಧ್ಯಾಯದ ಕರಡನ್ನು ತರಿಸಿಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೂ ಒಂದೊಂದಕ್ಕೂ ಅಡ್ಡಗೆರೆ ಎಳೆದರು. ಮುಖ್ಯಸ್ಥರಿಗೆ ತಾವೇ ಫೋನ್ ಮಾಡಿ ಮಳೆಗಾಲದ ತನಕ ಸಮಯ ಕೇಳಿದರು. ಅವರು ಏನೆಂದರೋ ನನಗೆ ಕೇಳಿಸಲಿಲ್ಲ. ಒಲೆ ಒಡೆದದ್ದು ತಾನೇ, ಹುಡುಗಿಯ ಕೈಯಲ್ಲ ಎಂದು ಸರ್ ಹೇಳಿದ್ದು ಕೇಳಿಸಿತು. ಆ ವರ್ಷ ನನ್ನನ್ನು ಮತ್ತೆ ತೆಗೆದುಕೊಂಡರು. ಮುಖ್ಯಸ್ಥರು ನನ್ನ ಜೊತೆ ಮಾತು ಕಡಿಮೆ ಮಾಡಿದರು, ಈಗಲೂ ಅಷ್ಟೇ.

ಹೊಸ ಅಧ್ಯಾಯವನ್ನು ಬರೆಯುವುದು ನನ್ನ ಪಾಲಿಗೆ ಬಂತು. ಚಿಪ್ಪಿನ ತಿದ್ದುಪಡಿ, ಅಕ್ಕಿ ಚಿಪ್ಪಿನ ಜೋಡಿ, ಎರಡೂ ಪದರ ಒಂದೇ ಊರು ಎಂಬ ತೀರ್ಮಾನ. ಬರೆದು ಕಮಲಾಪುರಕ್ಕೆ ಒಯ್ದು ಓದಿ ಹೇಳಿದೆ. ಶುರುವಿನ ವಾಕ್ಯವನ್ನು ನಾನು ಬಹಳ ಯೋಚಿಸಿ ಮೆತ್ತಗೆ ಮಾಡಿದ್ದೆ: ಈ ನೆಲೆಯಲ್ಲಿ ಕೆಲವು ಶತಮಾನ ಜನವಸತಿ ಇರಲಿಲ್ಲವೆಂದು ಈ ಹಿಂದೆ ಭಾವಿಸಲಾಗಿತ್ತು.

ಸರ್ ಕೈಯೆತ್ತಿ ನಿಲ್ಲಿಸಿದರು.

"ಭಾವಿಸಲಾಗಿತ್ತು ಅಂದ್ರ ಯಾರು ಭಾವಿಸಿದ್ರವಾ?"

ನಾನು ಪೆನ್ನು ತೆಗೆದೆ.

"ನಾನು ಭಾವಿಸಿದ್ದೆ, ಅದು ತಪ್ಪು ಅಂತ ಬರಿ."

ಅವರ ಎದುರಿಗೇ ಹೊಡೆದುಹಾಕಿ ಹಾಗೆಯೇ ಬರೆದೆ. ಅವರು ಹಾಳೆ ತೆಗೆದುಕೊಂಡು ಆ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ, ಮುಂದೆ ಓದು ಎಂದು ನನ್ನ ಕೈಗೆ ವಾಪಸು ಕೊಟ್ಟರು. ಅಧ್ಯಾಯ ಆ ವಾಕ್ಯದಿಂದಲೇ ಶುರುವಾಗುತ್ತದೆ. ಪುಸ್ತಕ ಹಾಗೆಯೇ ಅಚ್ಚಾಗಿದೆ.